ನಾನು ಗಟ್ಟಿಯಾಗಿ ಓದಿದ ಅಫಿಡವಿಟ್

ಕಳೆದ ವರ್ಷ ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆದ ವಾರ ನಡೆದದ್ದು ಇದು. ಮಧುಗಿರಿ ಕೋರ್ಟಿನ ಹತ್ತಿರ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಓದಲು ಬಾರದವರ ಅಫಿಡವಿಟ್ ಆದರೆ ಅದನ್ನು ಅವರಿಗೆ ಓದಿ ಹೇಳಿ, ಅವರು ಸರಿ ಎಂದ ಮೇಲೆಯೇ ಹೆಬ್ಬೆಟ್ಟು ಹಾಕಿಸಬೇಕು. ಓದದೆಯೇ ಹಾಕಿಸುವವರೂ ಇದ್ದಾರೆ. ನಾನು ಒಂದಕ್ಷರವನ್ನೂ ಬಿಡುತ್ತಿರಲಿಲ್ಲ. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು.

ಅಂದು ಬೆಳಿಗ್ಗೆ ಪಾವಗಡದ ಕಡೆಯಿಂದ ತಾಯಿ, ಮಗಳು ಬಂದರು. ತಾಯಿ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸದವರು. ಮಗಳು ಒಂಬತ್ತನೇ ತರಗತಿ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಫೋನಿನ ಒಂದು ಆ್ಯಪ್‌ನಲ್ಲಿ ಅವಳು ಕುಣಿದ ವಿಡಿಯೋದ ಕೆಳಗೆ ಯಾರ್ಯಾರೋ ಅವಳ ಮೈ ಬಗ್ಗೆ ಕೊಳಕಾಗಿ ಬರೆದಿದ್ದರು. ಆಮೇಲೆ ಆ ಆ್ಯಪ್ ತೆಳ್ಳಗಾಗುವ, ಉಪವಾಸ ಇರುವ ವಿಡಿಯೋಗಳನ್ನೇ ದಿನವೂ ಅವಳ ಮುಂದೆ ತಂದು ಹಾಕಿತು. ಹುಡುಗಿ ಊಟ ಬಿಟ್ಟಳು. ಒಂದು ಸಂಜೆ ಹಳೆಯ ಬಾವಿಯ ಕಟ್ಟೆ ಹತ್ತಿ ನಿಂತಿದ್ದಳು. ಹೊರದೇಶಗಳಲ್ಲಿ ತಂದೆತಾಯಿಗಳು ಇಂಥ ಆ್ಯಪ್ ಕಂಪನಿಗಳ ಮೇಲೆ ಕೇಸು ಹಾಕುತ್ತಿದ್ದಾರೆಂದು ಪೇಪರಿನಲ್ಲಿ ಓದಿದ್ದ ಅವರೂರಿನ ಮೇಷ್ಟ್ರು ಇವರನ್ನು ಮಧುಗಿರಿಯ ವಕೀಲರ ಬಳಿ ಕಳಿಸಿದ್ದರು. ವಕೀಲರು ಬರೆದುಕೊಟ್ಟದ್ದನ್ನು ನಾನು ಟೈಪ್ ಮಾಡಿದೆ. ಮೂರು ಪುಟ.

ಹುಡುಗಿ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದಳು. ಅಂಗಡಿಯಲ್ಲಿ ನಾಲ್ಕೈದು ಜನ ಕಾಯುತ್ತಿದ್ದರು. ಜೆರಾಕ್ಸ್ ಮಿಷನ್ ದಪ್ಪ ಫೈಲೊಂದರ ಪ್ರತಿ ತೆಗೆಯುತ್ತಿತ್ತು.

"ಗಟ್ಟಿಯಾಗ್ ಓದಮ್ಮ, ಈ ಸದ್ನಾಗೆ ಏನೂ ಕೇಳಾಕಿಲ್ಲ" ಎಂದರು ತಾಯಿ.

ಗಟ್ಟಿಯಾಗಿ ಓದಿದೆ. ಮೂರನೇ ಪುಟಕ್ಕೆ ಬಂದಾಗ ಮಿಷನ್ ನಿಂತಿತು. ನಾನು ನಿಲ್ಲಲಿಲ್ಲ. "ನನ್ನ ಮಗಳು ಬಾವಿಯ ಕಟ್ಟೆ ಮೇಲೆ ನಿಂತಿದ್ದಾಗ ನನ್ನ ಗಂಡ ಅವಳನ್ನು ಕೆಳಗೆ ಎಳೆದು ಉಳಿಸಿದರು" ಎಂಬ ಸಾಲು ಅಂಗಡಿಗೆಲ್ಲ ಕೇಳಿಸಿತು.

ಪಹಣಿ ಹಿಡಿದು ನಿಂತಿದ್ದವರೊಬ್ಬರು, "ಯಾವ್ ಮಗು ಕಣಮ್ಮ, ಇದೇನಾ?" ಎಂದು ಬಾಗಿಲ ಕಡೆ ತಿರುಗಿದರು.

"ಕೈಗೆ ಫೋನ್ ಕೊಟ್ರೆ ಇನ್ನೇನಾಯ್ತದೆ ಬುಡು" ಎಂದು ಪಕ್ಕದವರು ನಕ್ಕರು.

ನಾನು ಕಾಗದದಿಂದ ತಲೆ ಎತ್ತಿದೆ. ಸ್ಟೂಲು ಖಾಲಿ ಇತ್ತು.

"ಅಯ್ಯೋ ದೇವುಡಾ, ಎಲ್ಲೋಯ್ತು ನನ್ ಕೂಸು?" ತಾಯಿ ಚಪ್ಪಲಿ ಬಿಟ್ಟು ಓಡಿದರು.

ನಾನು ಕೋರ್ಟ್ ಆವರಣದ ಕಡೆ ಅವರನ್ನು ಕಳಿಸಿ, ಕಾಗದ ಕೈಯಲ್ಲಿರುವಂತೆಯೇ ಬೆಟ್ಟದ ತಪ್ಪಲಿನ ಕಲ್ಯಾಣಿಗೆ ಓಡಿದೆ. ಆಗಷ್ಟೇ ಓದಿದ್ದ ಬಾವಿಯೇ ತಲೆಯಲ್ಲಿತ್ತು. ನೀರು ಹಸಿರಾಗಿ ಅಲ್ಲಾಡದೆ ನಿಂತಿತ್ತು. ಬಟ್ಟೆ ಒಗೆಯುತ್ತಿದ್ದವರು, "ಇತ್ಲಾಗ್ ಯಾರೂ ಬಂದಿಲ್ಲ ಕಣಮ್ಮ" ಎಂದರು. ನನಗೆ ಸಮಾಧಾನವಾಗಲಿಲ್ಲ. ಮತ್ತೊಂದು ಸುತ್ತು ನೀರನ್ನೇ ನೋಡಿ ಬಸ್ ನಿಲ್ದಾಣಕ್ಕೆ ಬಂದೆ.

ಪಾವಗಡದ ಬಸ್ಸು ಹೊರಡುವುದರಲ್ಲಿತ್ತು. ಕೊನೆಯ ಸೀಟಿನಲ್ಲಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಅವಳು ಕೂತಿದ್ದಳು. ತಾಯಿಗೆ ಫೋನ್ ಮಾಡಿ ಹೇಳಿ, ಪಕ್ಕದಲ್ಲಿ ಕೂತೆ.

"ಫೋನ್ನಾಗೆ ಬರೆದೋರು ಯಾರೋ ಏನೋ. ನೀವು ಎದುರಿಗಿರೋರ್ಗೇ ಹೇಳ್ಬುಟ್ರಿ" ಎಂದಳು.

"ತಪ್ಪಾಯ್ತು ಕಣಮ್ಮ. ಕೇಸು ಬೇಡ ಅಂದ್ರೆ ಈಗಲೇ ಹರಿದು ಹಾಕ್ತೀನಿ."

"ಕೇಸ್ ಬ್ಯಾಡ ಅಂದ್ನಾ ನಾನು?" ಅವಳು ಕಾಗದ ಕಿತ್ತುಕೊಂಡು ಬಸ್ಸಿನಿಂದ ಇಳಿದಳು.

ಏದುಸಿರು ಬಿಡುತ್ತಾ ಬಂದ ತಾಯಿಯನ್ನು ನಿಲ್ದಾಣದ ಬೆಂಚಿನಲ್ಲಿ ಕೂರಿಸಿ, ಕಿವಿಗೆ ಬಾಯಿ ಹಚ್ಚಿ ಮೊದಲ ಪುಟದಿಂದ ಅವಳೇ ಓದಿದಳು. ನಾನು ದೂರ ನಿಂತೆ. ನನಗೆ ಒಂದು ಮಾತೂ ಕೇಳಿಸಲಿಲ್ಲ. ತಾಯಿ ತಲೆಯಾಡಿಸುವುದಷ್ಟೇ ಕಾಣುತ್ತಿತ್ತು. ಮೂರನೇ ಪುಟದಲ್ಲಿ ಅವಳು ಓದು ನಿಲ್ಲಿಸಿ ನನ್ನನ್ನು ಕರೆದಳು.

"ಅಕ್ಕ, ಅಪ್ಪ ಎಳೆದು ಉಳಿಸಿದ ಅಂತ ಐತಲ್ಲ, ಅದು ಅಂಗಲ್ಲ. ಅಪ್ಪ ಬರೋ ಹೊತ್ಗೆ ನಾನೇ ಇಳಿದಿದ್ದೆ. ಅದನ್ನ ಹಾಕಿ."

ತಾಯಿಗೂ ಅದು ಗೊತ್ತಿರಲಿಲ್ಲ. ಮಗಳ ಮುಂಗೈ ಹಿಡಿದವರು ಬಿಡಲೇ ಇಲ್ಲ.

ವಕೀಲರನ್ನು ಕೇಳಿ ಆ ಸಾಲು ತಿದ್ದಿದೆ. ಕೇಸು ಎಲ್ಲಿಯವರೆಗೆ ಬಂದಿದೆಯೋ ನನಗೆ ತಿಳಿಯದು. ಈಗ ಓದಲು ಬಾರದವರನ್ನು ಅಂಗಡಿಯ ಹಿಂದಿನ ಕೋಣೆಗೆ ಕರೆದೊಯ್ದು, ಬಾಗಿಲು ಹಾಕಿ ಓದಿ ಹೇಳುತ್ತೇನೆ. ಆದರೂ ಹೊರಗೆ ಮಿಷನ್ ನಿಂತ ಕೂಡಲೇ ನನ್ನ ಬಾಯಿ ತಾನಾಗಿ ನಿಲ್ಲುತ್ತದೆ. ಎದ್ದು ಹೋಗಿ, ಸ್ಟೂಲಿನ ಮೇಲೆ ಕೂತವರು ಅಲ್ಲೇ ಇದ್ದಾರೆಯೇ ಎಂದು ನೋಡಿ ಬರುತ್ತೇನೆ.