ಬ್ರೂನೋನ ಒಪ್ಪತ್ತು

ಬನಶಂಕರಿಯ ನಮ್ಮ ಕ್ಲಿನಿಕ್‌ಗೆ ಮೊನ್ನೆ ಹಣೆ ತುಂಬಾ ವಿಭೂತಿ ಹಚ್ಚಿದ್ದ ಅಂಕಲ್ ಒಬ್ಬರು ತಮ್ಮ ಲ್ಯಾಬ್ರಡಾರ್ ನಾಯಿ ಬ್ರೂನೋನ ಕರ್ಕೊಂಡು ಬಂದ್ರು. ತೂಕದ ಮಿಷಿನ್ ಮೇಲೆ ನಿಲ್ಲೋಕೂ ಆಗದೆ ಅದು ಮಲಗೇಬಿಡ್ತು.

"ಊಟ ಏನು ಹಾಕ್ತೀರಾ ಸಾರ್?" ಅಂದೆ.

"ಎಲ್ಲಾ ಅಳತೆ ಪ್ರಕಾರ ಡಾಕ್ಟ್ರೇ. ಸೋಮವಾರ ನನ್ನ ಜೊತೆ ಅವನಿಗೂ ಒಪ್ಪತ್ತು. ಒಂದೇ ಊಟ."

"ಸಂಜೆಗೆ?"

"ಬರೀ ಫಲಾಹಾರ. ಅವಲಕ್ಕಿ, ಬಾಳೆಹಣ್ಣು, ಸ್ವಲ್ಪ ತುಪ್ಪದ ಸಜ್ಜಿಗೆ." ಆಮೇಲೆ ದನಿ ತಗ್ಗಿಸಿದರು. "ಗುರುವಾರ ನಮ್ಮ ಮನೆಯವಳ ಒಪ್ಪತ್ತು, ಶನಿವಾರ ಅಮ್ಮಂದು. ಅವರ ಜೊತೆಗೂ ಕೂರ್ತಾನೆ."

ತೂಕ ಹೀಗೇ ಏರಿದ್ರೆ ಹಿಂಗಾಲು ಬಿದ್ದುಹೋಗುತ್ತೆ ಅಂತ ಗದರಬೇಕಿತ್ತು. ಅಷ್ಟರಲ್ಲಿ ನಮ್ಮಜ್ಜಿ ನೆನಪಾದಳು. ಹೊಸಕೆರೆಹಳ್ಳಿಯ ನಮ್ಮಜ್ಜಿ ಮನೇಲಿ ಕರಿಯ ಅಂತ ನಾಯಿ ಇತ್ತು. ದಿನವಿಡೀ ಕೆರೆ ಸುತ್ತೋದು, ಸೋಮವಾರ ಸಂಜೆ ಮಾತ್ರ ಅಡುಗೆಮನೆ ಬಾಗಿಲಲ್ಲಿ ಹಾಜರ್. ಅಜ್ಜಿ ಒಪ್ಪತ್ತಿನ ಅವಲಕ್ಕಿಯಲ್ಲಿ ಒಂದು ಹಿಡಿ ಅದಕ್ಕೆ, ಒಂದು ಹಿಡಿ ನನಗೆ ಹಾಕಿ, ಆಮೇಲೆ ತಾನು ತಿನ್ನೋಳು.

ಗುರುವಾರ, ಶನಿವಾರದ ಫಲಾಹಾರ ಬೇಡ, ಸಜ್ಜಿಗೆ ಯಾವತ್ತೂ ಬೇಡ, ದಿನಾ ಎರಡು ಸಲ ವಾಕಿಂಗ್ ಅಂತ ಚೀಟಿಯಲ್ಲಿ ಬರೆದೆ. ಸೋಮವಾರಕ್ಕೆ ಮಾತ್ರ "ಅವಲಕ್ಕಿ, ಒಂದು ಹಿಡಿ" ಅಂತ ಸೇರಿಸಿದೆ. ಯಾರ ಹಿಡಿ ಅಂತ ಬರೀಲಿಲ್ಲ. ನಮ್ಮಜ್ಜಿ ಕೈ ದೊಡ್ಡದಿತ್ತು.