ಗದ್ದದ ಕೆಳಗಿನ ಕೈ

ಕುಂಕಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಆಕಳಿಸುತ್ತ ಬರುವ ನಮಗೆ ಬಾಡಿಗೆ ಖೋಲಿಯಲ್ಲಿ ಇಂಗ್ಲಿಷ್ ಕಲಿಸುವ ಮಜರ ಸರ್, ನಮಗಿಂತ ಹೆಚ್ಚು ದಣಿದವರಂತೆ ಕಾಣುತ್ತಾರೆ. ಕುರ್ಚಿಯಲ್ಲಿ ಕುಸಿದವರೇ, "ಉದ್ದ ಶಬ್ದ ಅಂದ್ರ ಕಬ್ಬಿದ್ದಂಗ್ರಿ, ಗೆಣ್ಣಿಗೆ ಮುರೀರಿ," ಎನ್ನುತ್ತಾರೆ. ಮುರಿಯುವುದು ಹೀಗೆ: ಅಂಗೈಯನ್ನು ಗದ್ದದ ಕೆಳಗಿಟ್ಟುಕೊಂಡು ಶಬ್ದ ಹೇಳಬೇಕು, ಗದ್ದ ಎಷ್ಟು ಸಲ ಕೈಗೆ ತಾಗಿತೋ ಅಷ್ಟು ತುಂಡು. "ರೆ-ಸ್ಪಾನ್-ಸಿ-ಬಿ-ಲಿ-ಟಿ. ಒತ್ತು ಎಲ್ಲಿ ಬಿತ್ರಿ?" ತಡವರಿಸಿದರೆ ಮೇಜು ಗುದ್ದುತ್ತಾರೆ. ಬಸ್ಸಿನಲ್ಲಿ ಸಿಕ್ಕರೂ ಬಿಡುವುದಿಲ್ಲ. ಅವರ ಕಾಟಕ್ಕೆ ಮಡಗಾಂವ್ ಬಸ್ಸಿನ ಕಂಡಕ್ಟರ್ ಕೂಡ ಗದ್ದ ಹಿಡಿದುಕೊಂಡೇ ಸ್ಟಾಪಿನ ಹೆಸರು ಕೂಗುತ್ತಾನೆ. ಮೊನ್ನೆ ಅವರು ಮರೆತುಹೋದ ಛತ್ರಿ ಕೊಡಲು ಮನೆಗೆ ಹೋದೆ. ಲಕ್ವಾ ಹೊಡೆದು ಮಾತು ನಿಂತುಹೋದ ತಾಯಿ ಮಾಶಾಬಿಯವರ ಎದುರು ಕೂತು, ಸರ್ ತಾಯಿಯ ಗದ್ದದ ಕೆಳಗೆ ತಮ್ಮ ಅಂಗೈ ಹಿಡಿದಿದ್ದರು. "ಮ-ಜ-ರ. ಅನ್ನು, ಅಮ್ಮಾ." ಗದ್ದ ಎರಡು ಸಲ ಅಲುಗಿ ನಿಂತಿತು. ಸರ್ ಮೇಜು ಗುದ್ದಲಿಲ್ಲ. ಕೈ ತೆಗೆಯದೆ, ಮೂರನೆಯದಕ್ಕೆ ಕಾಯುತ್ತ ಕೂತರು.