ಮೊಗಲಾಯಿ ನಾಕಾದಲ್ಲಿ ನನ್ನ ಬಾಯಿಗೆ ಬಂದ ಮಾತು

ದೆವ್ವ, ಗಾಳಿ, ಮೈಮೇಲೆ ಬರುವುದು ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ನಂಬಿದ್ದವನು ನಾನು. ನಂಬಿದ್ದಷ್ಟೇ ಅಲ್ಲ, ಎದುರಿನವರ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಲೂ ಇದ್ದೆ. ತೆರಿಗೆ ಇಲಾಖೆಯಲ್ಲಿ ನನ್ನ ಅರ್ಧ ಆಯುಷ್ಯ ತನಿಖಾ ಠಾಣೆಗಳಲ್ಲೇ ಕಳೆಯಿತು. ನಮ್ಮ ಕಡೆ ಅದಕ್ಕೆ ನಾಕಾ ಎನ್ನುತ್ತಾರೆ. ಜೊತೆಯ ಸಿಪಾಯಿಗಳು ಯಾರಾದರೂ "ಆ ಬೇವಿನ ಗಿಡದ ಕೆಳಗ ಏನೋ ಐತ್ರಿ ಸಾಹೇಬ್ರ" ಎಂದರೆ, "ಇದ್ರ ಇರ್ಲಿ, ಅದರ ಹತ್ರ ಬಿಲ್ಲು ಐತೇನು ಕೇಳು" ಎನ್ನುತ್ತಿದ್ದೆ. ಅಂಥವನು ಈಗ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದು ಒತ್ತಾಯವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಂಬುತ್ತಿರಲಿಲ್ಲ.

ನಾನು ನಿವೃತ್ತನಾಗುವ ಹೊತ್ತಿಗೆ ನಾಕಾಗಳನ್ನೇ ಎತ್ತಿಬಿಟ್ಟಿದ್ದರು. ಬಾಗಲಕೋಟೆಯ ನವನಗರದ ಮನೆಯಲ್ಲಿ ಪೇಪರು ಓದುತ್ತ, ಹೆಂಡತಿಯ ಕಾಲಿಗೆ ಅಡ್ಡ ಸಿಗುತ್ತ ಕೂತಿದ್ದೆ. ಆಗ ಪರಿಚಯದ ಇತಿಹಾಸದ ಮೇಷ್ಟರೊಬ್ಬರು ಬಂದು, ತಮ್ಮ ಕಾಲೇಜಿನ ಹುಡುಗರಿಗೆ ಒಂದು ಉಪನ್ಯಾಸ ಕೊಡಿ ಎಂದರು. ವಿಷಯ, ಕಳ್ಳಸಾಗಣೆಯ ಇತಿಹಾಸ ಮತ್ತು ದೇಶದ ಬೆಳವಣಿಗೆಯಲ್ಲಿ ಅದರ ಪಾತ್ರ. "ಪಾತ್ರ ಅಂದ್ರ ಏನ್ರಿ? ಕಳ್ಳರಿಂದ ದೇಶ ಬೆಳದೈತೇನು?" ಎಂದು ರೇಗಿದೆ. "ಅದನ್ನ ನೀವ ಹೇಳ್ರಿ. ಹಿಡದವರು ನೀವು" ಎಂದು ಅವರು ನಗುತ್ತ ಎದ್ದುಹೋದರು. ಕೂತು ಬರೆಯತೊಡಗಿದೆ. ‘ದೇಶವೆಂಬ ತೊಲೆಗೆ ಕಳ್ಳಸಾಗಣೆಯೇ ಗೆದ್ದಲು’ ಎನ್ನುವುದು ನನ್ನ ಮೊದಲ ವಾಕ್ಯ. ಅದರ ಮೇಲೆ ನನಗೆ ಭಾರೀ ಅಭಿಮಾನ. ನಮ್ಮ ಸೀಮೆಯ ಒಂದೆರಡು ಹಳೆಯ ಸಂಗತಿ ಸೇರಿಸಿದರೆ ಕೆಲಸ ಮುಗಿಯಿತು ಎಂದುಕೊಂಡು ಕಾರು ತೆಗೆದುಕೊಂಡು ಇಳಕಲ್ಲಿಗೆ ಹೋದೆ.

ಇಳಕಲ್ಲಿನಲ್ಲಿ ನನ್ನ ತಾಯಿಯ ಅಕ್ಕ ನೀಲವ್ವ ಇದ್ದಳು. ನಾವು ದೊಡ್ಡವ್ವ ಎನ್ನುತ್ತಿದ್ದೆವು. ತೊಂಬತ್ತರ ಆಚೆಯೋ ಈಚೆಯೋ ಅವಳಿಗೂ ಗೊತ್ತಿರಲಿಲ್ಲ. ಕಣ್ಣು ಮಂಜಾಗಿದ್ದವು, ನಾಲಿಗೆ ಮಾತ್ರ ಹೊಸ ಕುಡುಗೋಲು. ನೇಕಾರರ ಮನೆ, ಪಡಸಾಲೆಯ ಮಗ್ಗದಲ್ಲಿ ಅವಳ ಸೊಸೆ ಕಸ್ತೂರಿ ಸೀರೆ ನೇಯುತ್ತಿದ್ದಳು. ನಾನು ಚಹಾ ಕುಡಿದು, ಗಂಟಲು ಸರಿಮಾಡಿಕೊಂಡು, ನನ್ನ ಗೆದ್ದಲಿನ ವಾಕ್ಯ ಓದಿದೆ.

"ಗೆದ್ದಲಾ? ಹಂಗಾರ ನಾನೂ ಒಂದು ಗೆದ್ದಲಹುಳಾನ ನೋಡು" ಎಂದಳು ದೊಡ್ಡವ್ವ.

ನಾನು ತಮಾಷೆ ಎಂದುಕೊಂಡೆ. ಅವಳು ತಮಾಷೆ ಮಾಡುತ್ತಿರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲ. ದೊಡ್ಡವ್ವ ಹೊಸದಾಗಿ ಮದುವೆಯಾಗಿ ಇಳಕಲ್ಲಿಗೆ ಬಂದಿದ್ದಳು. ತವರು ಹನುಮಸಾಗರದ ಕಡೆಯ ಹಳ್ಳಿ. ಆ ಸೀಮೆ ಆಗ ನಿಜಾಮನ ರಾಜ್ಯದಲ್ಲಿತ್ತು, ನಮ್ಮ ಹಿರಿಯರ ಬಾಯಲ್ಲಿ ಅದು ಮೊಗಲಾಯಿ. ಇಳಕಲ್ಲು ಇಂಗ್ಲಿಷರ ಕೈಯಲ್ಲಿ. ತವರಿಗೂ ಗಂಡನ ಮನೆಗೂ ನಡುವೆ ಒಂದು ಹಳ್ಳ, ಹಳ್ಳದ ದಂಡೆಗೆ ಸುಂಕದ ನಾಕಾ. ಈಚೆ ನೂಲು ಸಿಗದೆ ಮಗ್ಗಗಳು ಒಂದೊಂದೇ ನಿಂತುಹೋದವು. ಆಚೆ ನೂಲು ಸಿಗುತ್ತಿತ್ತು, ಆದರೆ ತರುವ ಹಾಗಿಲ್ಲ. ದೊಡ್ಡವ್ವ ತವರಿಗೆ ಹೋಗಿ ತಿರುಗಿ ಬರುವಾಗ ಅವಳ ಅವ್ವ ಉಡಿ ತುಂಬುತ್ತಿದ್ದಳು. ಮೇಲೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು, ಖಣ. ಅದರ ಕೆಳಗೆ ನೂಲಿನ ಲಡಿಗಳು. ಉಡಿ ತುಂಬಿಸಿಕೊಂಡ ಮುತ್ತೈದೆಯ ಸೆರಗಿಗೆ ಯಾವ ಸಿಪಾಯಿ ಕೈ ಹಚ್ಚುತ್ತಾನೆ? ಲಕ್ಷ್ಮೀ ಇರುವ ಜಾಗ ಅದು.

"ಉಡಿ ಒಳಗ ಕಳವು ಇಟಗೊಂಡು ಬರೂದು ಪಾಪ ಅಲ್ಲೇನು ದೊಡ್ಡವ್ವಾ?" ಎಂದೆ. ಇಲಾಖೆಯ ಚಟ ಎಲ್ಲಿ ಹೋಗುತ್ತದೆ.

"ಪಾಪ ಅಂತೀಯಾ? ಆ ನೂಲು ಬರಲಿಲ್ಲಂದ್ರ ಈ ಓಣಿಯಾಗ ಒಂದರ ಮಗ್ಗ ಉಳೀತಿತ್ತೇನು? ಈಗ ನಿಮ್ಮ ಸರಕಾರ ಇಳಕಲ್ಲ ಸೀರಿ ಅಂತ ಮೆರಸತೈತಲ್ಲ, ಅದರ ಹೊಟ್ಟ್ಯಾಗ ನನ್ನ ಉಡಿ ಐತಿ. ಬರಕೋ."

ಬರೆದುಕೊಂಡೆ. ಖರೆ ಹೇಳಬೇಕೆಂದರೆ ಆಗಲೇ ನನ್ನ ಗೆದ್ದಲಿನ ವಾಕ್ಯ ಅಲ್ಲಾಡಿತ್ತು. ನಿಜಾಮನ ರಾಜ್ಯ ದೇಶಕ್ಕೆ ಸೇರಿ ಗಡಿ ಹೋದ ಮೇಲೆ ಅದೇ ಜನ, ಅದೇ ಸೀರೆ, ಅದೇ ನೂಲು. ನಿನ್ನೆಯವರೆಗೆ ಕಳವು ಎನಿಸಿಕೊಂಡದ್ದು ಮರುದಿನ ವ್ಯಾಪಾರವಾಯಿತು. ನಾವು ಪುಸ್ತಕದಲ್ಲಿ ದೇಶ ಬೆಳೆಯಿತು ಎಂದು ಬರೆಯುತ್ತೇವೆ, ಹೊತ್ತು ತಂದವರ ಹೆಸರು ಬರೆಯುವುದಿಲ್ಲ.

ಆಮೇಲೆ ದೊಡ್ಡವ್ವನ ದನಿ ಸಣ್ಣದಾಯಿತು. ಆ ನಾಕಾದಲ್ಲಿ ಲಾಲಸಾಬ ಎಂಬ ವಯಸ್ಸಾದ ಸಿಪಾಯಿ ಇದ್ದನಂತೆ. ಅವಳು ಕಾಕಾ ಎನ್ನುತ್ತಿದ್ದಳು. ಅವನಿಗೆ ಎಲ್ಲ ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಬಿಡುತ್ತಿದ್ದ. ಅವಳು ಹುಡುಗಿ, ಮಾತಿನ ರೀತಿ ಇನ್ನೂ ಪೂರ್ತಿ ಬಂದಿರಲಿಲ್ಲ. ಹೊರಡುವಾಗ "ಹೋಗ್ತೇನಿ ಕಾಕಾ" ಎಂದುಬಿಡುತ್ತಿದ್ದಳು. ಪ್ರತಿ ಸಲ ಅವನು ತಿದ್ದುತ್ತಿದ್ದ. "ಹೋಗ್ತೇನಿ ಅನಬಾರದವ್ವಾ, ಬರ್ತೇನಿ ಅನ್ನು." ಅವಳು "ಬರ್ತೇನಿ" ಎಂದ ಮೇಲೆಯೇ ದಾರಿಗೆ ಹಾಕಿದ ಅಡ್ಡಗೋಲು ಸರಿಸುತ್ತಿದ್ದ.

ಒಂದು ದಿನ ಅಲ್ಲಿ ಹೊಸ ಸಾಹೇಬನೊಬ್ಬ ಕೂತಿದ್ದ. ಇವಳ ಉಡಿ ಬಿಚ್ಚಿಸು ಎಂದ. ಲಾಲಸಾಬ ಅಡ್ಡ ನಿಂತ. "ತುಂಬಿದ ಉಡಿಗೆ ಕೈ ಹಚ್ಚಾಕ ನನ್ನಿಂದ ಆಗೂದಿಲ್ರಿ. ಏನಿದ್ರೂ ನನ್ನ ಕೇಳ್ರಿ" ಎಂದು, ತಾನೇ ಅಡ್ಡಗೋಲು ಸರಿಸಿ, ನೀ ನಡಿ ಎಂದು ಇವಳಿಗೆ ಕಣ್ಸನ್ನೆ ಮಾಡಿದ. ಇವಳಿಗೆ ಜೀವ ಬಾಯಿಗೆ ಬಂದಿತ್ತು. "ಹೋಗ್ತೇನಿ ಕಾಕಾ" ಎಂದವಳೇ ಓಡಿದಳು. ಹಿಂದಿನಿಂದ ಅವನು ಕೂಗಿದ್ದು ಕೇಳಿಸಿತಂತೆ. "ಬರ್ತೇನಿ ಅನ್ನವ್ವಾ!" ಅವಳು ತಿರುಗಿ ನೋಡಲಿಲ್ಲ. ಮುಂದಿನ ಸಲ ಹೋದಾಗ ಅಲ್ಲಿ ಅವನಿರಲಿಲ್ಲ. ಕೆಲಸದಿಂದ ತೆಗೆದರೋ, ಸೆರೆಗೆ ಹಾಕಿದರೋ, ಸತ್ತನೋ, ಯಾರಿಗೂ ಗೊತ್ತಾಗಲಿಲ್ಲ. ಯಾರನ್ನು ಕೇಳುವುದು? ಕೇಳಿದರೆ ನೂಲಿನ ಸುದ್ದಿ ಹೊರಬೀಳುತ್ತದೆ.

"ನಾ ಹೋಗ್ತೇನಿ ಅಂದೆ, ಆಂವ ಹೋದ" ಎಂದಳು ದೊಡ್ಡವ್ವ. "ಮಕ್ಕಳಾದ್ರು, ಮೊಮ್ಮಕ್ಕಳಾದ್ರು. ಆ ಮಾತು ಎದಿಯಾಗ ಹಂಗ ಕುಂತೈತಿ. ಒಮ್ಮೆ ಅಲ್ಲೆ ನಿಂತು ಬರ್ತೇನಿ ಅಂದು ಬರಬೇಕು. ಇಲ್ಲಂದ್ರ ನನಗ ಸಾಯಾಕೂ ಧೈರ್ಯ ಇಲ್ಲೋ ತಮ್ಮಾ. ನೀ ಹುಟ್ಟಾ ನಾಕಾದಾಂವ. ನಿನಗ ಸಿಗತೈತಿ ಆ ಜಾಗ."

ಅಳುತ್ತಿದ್ದಳು. ಅವಳು ಅತ್ತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ದೊಡ್ಡಪ್ಪ ಸತ್ತ ದಿನ ಸಹ. ನನಗೆ ಸಂಕಟವಾಯಿತು. ಸತ್ತವನಿಗೆ ಹೇಳುವ ಮಾತು ಯಾರ ಕಿವಿಗೆ ಬೀಳುತ್ತದೆ ಎಂದು ಕೇಳುವವನಿದ್ದೆ, ನಾಲಿಗೆ ಕಚ್ಚಿಕೊಂಡೆ.

ಮರುದಿನವೇ ಹೊರಟೆವು. ನಾನು, ದೊಡ್ಡವ್ವ, ಕಸ್ತೂರಿ. ಈಗಿನ ಡಾಂಬರು ರಸ್ತೆ ಬೇರೆ ದಿಕ್ಕಿನಲ್ಲಿ ಹೋಗುತ್ತದೆ. ಹೊಲದವರನ್ನು ಕೇಳುತ್ತ ಕೇಳುತ್ತ ಹಳೆಯ ಬಂಡಿದಾರಿ ಹಿಡಿದು ಹಳ್ಳ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಹನ್ನೆರಡಾಗಿತ್ತು. ನಡು ಬೇಸಿಗೆ, ಹಳ್ಳದಲ್ಲಿ ಹನಿ ನೀರಿಲ್ಲ. ಬಿಸಿಲು ನೆತ್ತಿ ಸೀಳುತ್ತಿತ್ತು. ಅಲ್ಲಿ ನಾಕಾ ಎನ್ನುವಂಥದ್ದೇನೂ ಉಳಿದಿರಲಿಲ್ಲ. ಕುಸಿದ ಒಂದು ಗೋಡೆ, ದಾರಿಯ ಎರಡೂ ಮಗ್ಗುಲಿಗೆ ಎದೆಮಟ್ಟದ ಎರಡು ಕೆಂಪು ಕಲ್ಲಿನ ಕಂಬ. ಕಂಬದ ತಲೆಯಲ್ಲಿ ಅಡ್ಡಗೋಲು ಇಡುವ ಕಚ್ಚು. ಅದನ್ನು ಕೈಯಿಂದ ಸವರಿ ನೋಡಿ ದೊಡ್ಡವ್ವ "ಇದ" ಎಂದಳು.

ಹತ್ತು ಹೆಜ್ಜೆ ಒಬ್ಬಳೇ ನಡೆದು ಬರುತ್ತೇನೆ, ಯಾರೂ ಹಿಡಿಯಬೇಡಿ ಎಂದು ಹಟ ಹಿಡಿದಳು. ಕಸ್ತೂರಿ ಅವಳನ್ನು ಇಳಕಲ್ಲಿನ ಕಡೆಗೆ ಸ್ವಲ್ಪ ದೂರ ಕರೆದುಕೊಂಡು ಹೋಗಿ ಬಿಟ್ಟಳು. ನಾನು ಒಂದು ಕಂಬದ ಮಗ್ಗುಲಿಗೆ ನಿಂತೆ. ದೊಡ್ಡವ್ವ ಕೋಲೂರುತ್ತ ಬರತೊಡಗಿದಳು. ಕಾಲ ಕೆಳಗೆ ಕಲ್ಲುಗಳಿದ್ದವು. ‘ದೊಡ್ಡವ್ವಾ, ಹುಷಾರು, ಕಲ್ಲದಾವು’ ಎನ್ನಬೇಕೆಂದು ಬಾಯಿ ತೆರೆದೆ. ಇದು ನನಗೆ ಚೆನ್ನಾಗಿ ನೆನಪಿದೆ, ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಬಂದದ್ದು ಬೇರೆ.

"ಏನ ಮಗಳ, ಇವತ್ತ ಥಂಡಿ ಭಾಳ ಐತೇನು?"

ನನ್ನ ಬಾಯಿಂದಲೇ ಬಂತು. ಹಿಂದೆಯೇ ಒಂದು ನಗು ಬಂತು. ಎಲೆ ಅಡಿಕೆ ತಿಂದ ಮುದುಕರ ತುಂಬು ನಗು. ನಾನು ಹಾಗೆ ನಗುವವನಲ್ಲ. ಕಸ್ತೂರಿ ದೂರದಲ್ಲಿ ಬೆಪ್ಪಾಗಿ ನಿಂತಿದ್ದಳು. ಬೆಂಕಿಯಂಥ ಬಿಸಿಲಿನಲ್ಲಿ ಥಂಡಿಯ ಮಾತು, ತಾಯಿಗಿಂತ ಹಿರಿಯವಳನ್ನು ಮಗಳೇ ಎನ್ನುವುದು! ನನಗೆ ಬುದ್ಧಿ ತಪ್ಪಿತು ಎಂದು ಅವಳು ಅಂದುಕೊಂಡಿರಬೇಕು. ನಾನೂ ಹಾಗೆಯೇ ಅಂದುಕೊಂಡೆ.

ದೊಡ್ಡವ್ವ ಬೆಚ್ಚಲಿಲ್ಲ. ನಿಂತಳು. ಹಿರಿಯರೆದುರು ಹೊದೆಯುವ ಹಾಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಹೌದ್ರಿ ಕಾಕಾ, ಭಾಳ ಥಂಡಿ" ಎಂದು ಹುಡುಗಿಯ ಹಾಗೆ ಕಿಸಕ್ಕನೆ ನಕ್ಕಳು. ಆಮೇಲೆ ಒಂದೊಂದು ಅಕ್ಷರ ಬಿಡಿಸಿ ಹೇಳಿದಳು.

"ಬರ್ತೇನಿ ಕಾಕಾ. ಬರ್ತೇನಿ."

ನನ್ನ ಬಲಗೈ ತಾನಾಗಿ ಮೇಲೆದ್ದು, ಇಲ್ಲದ ಅಡ್ಡಗೋಲನ್ನು ಪಕ್ಕಕ್ಕೆ ಸರಿಸಿತು. ಆ ಅಡ್ಡಗೋಲಿನ ಭಾರ ನನ್ನ ಭುಜಕ್ಕೆ ತಾಗಿದ್ದು ಈಗಲೂ ನೆನಪಿದೆ. ದೊಡ್ಡವ್ವ ಎರಡು ಕಂಬಗಳ ನಡುವೆ ದಾಟಿ ಆಚೆ ಹೋಗಿ ನಿಂತಳು. ಅಷ್ಟೇ. ನಾನು ಅಲ್ಲೇ ನೆಲಕ್ಕೆ ಕೂತೆ. ಕಸ್ತೂರಿ ಓಡಿ ಬಂದು ನೀರು ಕುಡಿಸಿದಳು.

ತಿರುಗಿ ಬರುವಾಗ ಕಾರಿನಲ್ಲಿ ನಾನೇ ಕೇಳಿದೆ, ಆ ಥಂಡಿಯ ಮಾತಿನ ಅರ್ಥವೇನು ಎಂದು. ದೊಡ್ಡವ್ವ ನಾಚಿಕೊಂಡಳು. ಬರುವಾಗ ನೂಲು ತರುತ್ತಿದ್ದಳಲ್ಲ, ಹೋಗುವಾಗ ಬರಿಗೈಲಿ ಹೋಗುತ್ತಿರಲಿಲ್ಲವಂತೆ. ಮೊಗಲಾಯಿಯಲ್ಲಿ ಮಾರಲು ನಾಲ್ಕು ಹೊಸ ಸೀರೆಗಳನ್ನು ಒಂದರ ಮೇಲೊಂದು ಉಟ್ಟುಕೊಂಡು ನಡೆಯುತ್ತಿದ್ದಳಂತೆ. ಬೇಸಿಗೆಯ ಬಿಸಿಲಿನಲ್ಲಿ ಬೆವರು ಸುರಿಸುತ್ತ ಗುಡಾಣದ ಹಾಗೆ ಬರುವವಳನ್ನು ಕಂಡು ಲಾಲಸಾಬ ಪ್ರತಿ ಸಲ ಅದೇ ಮಾತಿನಿಂದ ಕೆಣಕುತ್ತಿದ್ದನಂತೆ, ಇವತ್ತು ಥಂಡಿ ಭಾಳ ಐತೇನು ಎಂದು.

"ಇದನ್ನ ನನಗ ನಿನ್ನೆ ಹೇಳಿದ್ಯೇನು ದೊಡ್ಡವ್ವಾ?"

"ಎಲ್ಲಿ ಹೇಳಿದೆ? ನನ್ನ ಗಂಡಗೂ ಹೇಳಿಲ್ಲ. ನಗ್ತಾರಂತ." ಕಿಟಕಿಯ ಹೊರಗೆ ನೋಡುತ್ತ, "ದನಿ ಹಂಗ ಐತಿ. ಒಂಚೂರು ಮುಪ್ಪಾಗ್ಯಾನ ಅಷ್ಟ" ಎಂದಳು.

ಕಸ್ತೂರಿಯನ್ನು ಬೇರೆಯಾಗಿ ಕರೆದು ಕೇಳಿದೆ. "ನಾ ಈ ಮನಿಗೆ ಬಂದು ಮೂವತ್ತು ವರ್ಷಾತ್ರಿ ಭಾವಾರ. ನಾಕು ಸೀರಿ ಸುದ್ದಿ ನಾನೂ ಇವತ್ತ ಕೇಳಿದ್ದು" ಎಂದಳು. ನನ್ನ ತಾಯಿಯಿಂದ ಎಂದಾದರೂ ಕೇಳಿರಬಹುದೇ? ಅವಳು ಆ ಕಾಲಕ್ಕೆ ತೊಟ್ಟಿಲ ಕೂಸು. ಬಿಸಿಲು ತಲೆಗೆ ಏರಿತ್ತು ಎನ್ನಿ, ಒಪ್ಪುತ್ತೇನೆ. ಆದರೆ ಬಿಸಿಲು ಏರಿದವನು ಏನಾದರೂ ಬಡಬಡಿಸಬೇಕು, ಯಾರೋ ಸತ್ತವನು ಆಡುತ್ತಿದ್ದ ಮಾತನ್ನೇ ಆಡುವುದು ಹೇಗೆ? ಎಷ್ಟು ತಿರುವಿ ಹಾಕಿದರೂ ಲೆಕ್ಕ ಹತ್ತುವುದಿಲ್ಲ. ಇನ್ನೊಂದು ಸಂಗತಿ. ನನಗಿರುವವರು ಇಬ್ಬರೂ ಗಂಡುಮಕ್ಕಳು. ಮಗಳೇ ಎಂದು ನಾನು ಈ ಜನ್ಮದಲ್ಲಿ ಯಾರನ್ನೂ ಕರೆದವನಲ್ಲ. ಆ ಮಾತು ಎಷ್ಟು ಸಲೀಸಾಗಿ, ಎಷ್ಟು ಅಕ್ಕರೆಯಿಂದ ಬಂತು!

ಕಾಲೇಜಿನಲ್ಲಿ ಉಪನ್ಯಾಸ ಕೊಟ್ಟೆ. ಗೆದ್ದಲನ್ನು ಹೊಡೆದುಹಾಕಿದ್ದೆ. ಉಡಿಯ ನೂಲಿನ ಕಥೆ ಹೇಳಿದೆ, ಅಡ್ಡ ನಿಂತ ಸಿಪಾಯಿಯ ಕಥೆ ಹೇಳಿದೆ. ಥಂಡಿಯ ಮಾತು ಹೇಳಲಿಲ್ಲ. ಮೇಷ್ಟರು "ಏನ್ರಿ, ನಾಕಾ ಸಾಹೇಬ್ರು ಕಳ್ಳರ ಕಡೆ ಆಗೀರಿ" ಎಂದು ಛೇಡಿಸಿದರು. ಆಗೇನಿ ನೋಡ್ರಿ ಎಂದೆ.

ಮುಂದಿನ ವರ್ಷ ದೊಡ್ಡವ್ವ ಹಾಸಿಗೆ ಹಿಡಿದಳು. ನೋಡಲು ಹೋದಾಗ ಸಂಜೆಯ ಬಿಸಿಲು ಪಡಸಾಲೆಗೆ ಬಿದ್ದಿತ್ತು. ನನ್ನ ಕೈ ಹುಡುಕಿ ಹಿಡಿದುಕೊಂಡು, "ಕಾಕಾ ಮತ್ತ ಏನರ ಅಂದನೇನೋ?" ಎಂದು ಕೇಳಿದಳು. ಏನನ್ನಲಿ? ಆ ದನಿ ಮತ್ತೆ ಬರಲಿ ಎಂದು, ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಬಾಯಿ ತೆರೆದು ಕಾದೆ. ಬರಲಿಲ್ಲ. ಅವಳು ಕಾಯುತ್ತಲೇ ಇದ್ದಳು. ತಡೆಯಲಾರದೆ, ದನಿಯನ್ನು ಆದಷ್ಟು ದಪ್ಪ ಮಾಡಿಕೊಂಡು, "ಬಾ ಮಗಳ, ದಾರಿ ಬಿಟ್ಟೇನಿ" ಎಂದೆ.

ದೊಡ್ಡವ್ವ ಕಣ್ಣು ತೆರೆದು ನನ್ನನ್ನು ನೋಡಿದಳು. ಹಲ್ಲಿಲ್ಲದ ಬಾಯಿ ತುಂಬ ನಕ್ಕು, ನನ್ನ ಕೆನ್ನೆ ತಟ್ಟಿದಳು.

"ಇದು ನಿನ್ನ ದನೀನ ಐತಲ್ಲೋ, ಹುಚ್ಚಪ್ಪಾ."